ಗೋಲ್ ಕಂಬದ ಪಕ್ಕ, ಬಿಳಿ ಕೋಟಿನಲ್ಲಿ

ಕಳೆದ ವರ್ಷ ಸೆಪ್ಟೆಂಬರ್ ತಿಂಗಳ ಎರಡನೇ ಶನಿವಾರ ಸಂಜೆ, ಕ್ವಾಲಾಲಂಪುರದ ಹೊರವಲಯದ ಒಂದು ರಗ್ಬಿ ಮೈದಾನದಲ್ಲಿ, ಮಹಿಳೆಯರ ಗೇಲಿಕ್ ಫುಟ್‌ಬಾಲ್ ಜೂನಿಯರ್ ದರ್ಜೆಯ ಫೈನಲ್ ಮುಗಿಯಲು ನಾಲ್ಕು ನಿಮಿಷ ಇದ್ದಾಗ, ಚೆಂಡು ಗೋಲ್‌ಕೀಪರ್ ಆಗಿದ್ದ ನನ್ನ ಹೆಂಡತಿಯ ಕೈಯಿಂದ ಜಾರಿ ಗೋಲ್ ಗೆರೆ ದಾಟಿತು. ಆ ಗೋಲಿನ ಎರಡು ಕಂಬಗಳ ಪಕ್ಕ ನಿಂತಿದ್ದ ಇಬ್ಬರು ಅಂಪೈರ್‌ಗಳಲ್ಲಿ ಒಬ್ಬ ನಾನು.

ಜೂನಿಯರ್ ಎಂದರೆ ಇಲ್ಲಿ ವಯಸ್ಸಲ್ಲ, ದರ್ಜೆ. ಐರ್ಲೆಂಡಿನಲ್ಲಿ ಈ ಆಟ ಆಡುತ್ತಲೇ ಬೆಳೆದವರು ಮೇಲಿನ ದರ್ಜೆಯಲ್ಲಿ ಆಡುತ್ತಾರೆ. ಮೂವತ್ತು ದಾಟಿದ ಮೇಲೆ ಮೊದಲ ಸಲ ಆ ಚೆಂಡು ಮುಟ್ಟಿದ ನರ್ಸ್‌ಗಳು, ಉಪನ್ಯಾಸಕಿಯರು, ಸಾಫ್ಟ್‌ವೇರ್‌ನವರು ಜೂನಿಯರ್‌ನಲ್ಲಿ. ನನ್ನ ಹೆಂಡತಿಗೆ ಆಗ ನಲವತ್ತೊಂದು. ಊರು ಉಡುಪಿ, ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಾಳೆ. ಓದುವ ಕಾಲದಲ್ಲಿ ಥ್ರೋಬಾಲ್ ಆಡಿದ್ದಳು. ಈಗ ಪಾಠ ಮಾಡುವ ಕಾಲೇಜಿನ ಕ್ರೀಡಾದಿನದಂದು ಅವಳು ಚೆಂಡು ಹಿಡಿದ ರೀತಿಯನ್ನು ನೋಡಿ, ಅತಿಥಿಯಾಗಿ ಬಂದಿದ್ದ ಒಬ್ಬ ಐರಿಷ್ ಶಿಕ್ಷಕಿ ಮರುವಾರವೇ ಅವಳನ್ನು ಅಭ್ಯಾಸಕ್ಕೆ ಕರೆದೊಯ್ದರು. ಆಕೆ ಮಾಂಟ್ ಕಿಯಾರಾದ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿದ್ದಾರೆ. ತಂಡದ ನಾಯಕಿಯೂ ಅವರೇ.

ಆಟ ಅರ್ಥವಾಗುವುದಕ್ಕೆ ಇಷ್ಟು ಸಾಕು. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಗೋಲಿನ ಎರಡು ಕಂಬ ಎತ್ತರಕ್ಕೆ ಹೋಗುತ್ತವೆ, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಮೇಲಿನಿಂದ ಹೋದರೆ ಒಂದು ಅಂಕ, ಅಂಪೈರ್ ಬಿಳಿ ಬಾವುಟ ಎತ್ತುತ್ತಾನೆ. ಪಟ್ಟಿಯ ಕೆಳಗಿನಿಂದ ಬಲೆಯೊಳಗೆ ಹೋದರೆ ಮೂರು ಅಂಕ, ಹಸಿರು ಬಾವುಟ.

ಮೇಲಿನ ದರ್ಜೆಯಲ್ಲಿ ರೆಫರಿ ತಮ್ಮ ಅಂಪೈರ್‌ಗಳನ್ನು ತಾವೇ ಕರೆತರುತ್ತಾರೆ. ಜೂನಿಯರ್‌ಗೆ ಅಷ್ಟು ಜನ ಸಿಗುವುದಿಲ್ಲ. ಹಾಗಾಗಿ ಒಂದೊಂದು ಗೋಲಿಗೂ ಎರಡೂ ತಂಡಗಳು ಒಬ್ಬೊಬ್ಬರನ್ನು ಕೊಡಬೇಕೆಂಬ ರೂಢಿ. ಗಂಡ, ಅಣ್ಣ, ಅಪ್ಪ, ಯಾರಾದರೂ ಆದೀತು. ಬಿಳಿ ಕೋಟು ಹಾಕಿರಬೇಕು, ಅಷ್ಟೆ. ನಮ್ಮ ತಂಡದ ಹತ್ತಿರ ಕೋಟು ಇರಲಿಲ್ಲ. ಹೆಂಡತಿ ತನ್ನ ಲ್ಯಾಬಿನಿಂದ ನಾಲ್ವರು ಅಂಪೈರ್‌ಗಳಿಗೂ ಆಗುವಂತೆ ಹಳೆಯ ನಾಲ್ಕು ಕೋಟು ತಂದಳು. ಹಸಿರು ಬಾವುಟ ಬ್ರಿಕ್‌ಫೀಲ್ಡ್ಸ್‌ನ ಸೀರೆ ಅಂಗಡಿಯ ಬ್ಲೌಸ್ ಪೀಸು. ನಾನೇ ಕೋಲಿಗೆ ಹೊಲಿದೆ.

ಅದರ ಹಿಂದಿನ ವರ್ಷದ ಸೆಮಿಫೈನಲ್‌ನಲ್ಲಿ, ಎದೆಗೆ ನೇರ ಬಂದ ಒಂದು ಸುಲಭದ ಚೆಂಡು ಅವಳ ಎರಡು ಕೈಗಳ ನಡುವಿನಿಂದ ಬಲೆಗೆ ಹೋಗಿತ್ತು. ತಂಡ ಸೋತಿತು. ಯಾರೂ ಅವಳನ್ನು ಬೈಯಲಿಲ್ಲ. ಮರುವಾರ ಒಂದು ಚೆಂಡು ಕೊಂಡಳು. ಅಂದಿನಿಂದ ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಆರೂವರೆಗೆ, ನಮ್ಮ ಕಾಂಡೋದ ಬ್ಯಾಡ್ಮಿಂಟನ್ ಅಂಕಣದಲ್ಲಿ ನಾನು ಎಸೆಯುವುದು, ಅವಳು ಹಿಡಿಯುವುದು. ಮಳೆ ಬಂದ ದಿನ ಚೆಂಡನ್ನು ಬಕೆಟ್‌ನಲ್ಲಿ ಅದ್ದಿ ಎಸೆಯಲು ಹೇಳುತ್ತಿದ್ದಳು.

"ಒದ್ದೆ ಚೆಂಡೇ ಬೇಕಾ?" ಎಂದು ಒಮ್ಮೆ ಕೇಳಿದೆ.

"ಇಲ್ಲಿ ಒಣ ಚೆಂಡು ಎಲ್ಲುಂಟು ಮಾರಾಯ್ರೆ? ಎಸೀರಿ."

ಅವಳಿಗೆ ಬೇಕಾಗಿದ್ದುದು ಒಂದೇ. ಫೈನಲ್‌ನಲ್ಲಿ ಅವಳ ಕೈಯಿಂದ ಚೆಂಡು ಜಾರಬಾರದು. ಗೆದ್ದರೆ ಒಂದು ಶೀಲ್ಡ್, ಮುಂದಿನ ವರ್ಷ ಮೇಲಿನ ದರ್ಜೆ. ಆದರೆ ಶೀಲ್ಡಿನ ಮಾತು ನಾಯಕಿ ಆಡುತ್ತಿದ್ದರೇ ಹೊರತು ಅವಳು ಆಡಿದ್ದು ನಾನು ಕೇಳಿಲ್ಲ.

ಫೈನಲ್‌ನ ಎದುರಾಳಿ ಜೊಹೊರ್‌ನ ತಂಡ. ಪಂದ್ಯಕ್ಕೆ ಮುಂಚೆ ರೆಫರಿ ನಾಲ್ವರು ಅಂಪೈರ್‌ಗಳನ್ನೂ ನಿಲ್ಲಿಸಿ ಎರಡು ಮಾತು ಹೇಳಿದರು. ನೋಡಿದವರು ಬಾವುಟ ಎತ್ತಿ. ಏನಾದರೂ ಸರಿಪಡಿಸುವುದಿದ್ದರೆ ಮುಂದಿನ ಕಿಕ್‌ಔಟ್‌ಗೆ ಮುಂಚೆ ಹೇಳಿ. ಅಂಕವಾಗಿಯೋ ಚೆಂಡು ಹೊರಹೋಗಿಯೋ ಆಟ ನಿಂತು, ಗೋಲ್‌ಕೀಪರ್ ಚೆಂಡನ್ನು ನೆಲಕ್ಕಿಟ್ಟು ಒದ್ದು ಆಟ ಮತ್ತೆ ಶುರುವಾದ ಮೇಲೆ ನಾನು ಹಿಂದಕ್ಕೆ ಹೋಗುವುದಿಲ್ಲ ಎಂದರು.

ನನ್ನ ಜೊತೆಗಿದ್ದ ಎದುರಾಳಿ ಅಂಪೈರ್ ಅರವತ್ತು ದಾಟಿದ ತಮಿಳರು, ಜೊಹೊರ್‌ನವರು. ಅವರ ಮಗಳು ಆ ತಂಡದ ಮಧ್ಯಮೈದಾನದಲ್ಲಿ ಆಡುತ್ತಿದ್ದಳು. ಕೋಟು ಹಾಕಿಕೊಂಡವರೇ ಮೂಗು ಮುಚ್ಚಿಕೊಂಡರು.

"ತಂಬಿ, ಇದು ಹೆಣದ ವಾಸನೆ ಲಾ!" ಎಂದರು ತಮಿಳಿನಲ್ಲಿ.

"ಫಾರ್ಮಲಿನ್, ಅಂಕಲ್. ನಮ್ಮ ಗೋಲ್‌ಕೀಪರ್ ಲ್ಯಾಬಿನದು."

"ಗೋಲ್‌ಕೀಪರ್ ನಿನಗೇನಾಗಬೇಕು?"

"ಹೆಂಡತಿ."

ಅವರು ನಕ್ಕರು. "ಹಾಗಾದರೆ ನಾನು ಚೆಂಡು ನೋಡಲ್ಲ. ನಿನ್ನನ್ನೇ ನೋಡ್ತಿರ್ತೀನಿ."

ಮೊದಲರ್ಧದಲ್ಲಿ ನಮ್ಮ ಮುಂದಿದ್ದುದು ಜೊಹೊರ್‌ನವರ ಗೋಲು. ವಿರಾಮದ ನಂತರ ತಂಡಗಳು ಕಡೆ ಬದಲಿಸುತ್ತವೆ, ಅಂಪೈರ್‌ಗಳು ಬದಲಿಸುವುದಿಲ್ಲ. ಹೆಂಡತಿ ಮೈದಾನದ ಉದ್ದಕ್ಕೂ ನಡೆದು ಬಂದು ನನ್ನ ಮುಂದೆ ನಿಂತಳು. ಕೈಗವಸು ಬಿಗಿ ಮಾಡಿಕೊಂಡಳು. ನನ್ನ ಕಡೆ ತಿರುಗಲಿಲ್ಲ.

ಎರಡನೇ ಅರ್ಧ ಶುರುವಾಗಿ ಐದು ನಿಮಿಷಕ್ಕೆ ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು. ಎಲ್ಲರೂ ಶೆಡ್ಡಿಗೆ ಓಡಿದೆವು. ಮುಕ್ಕಾಲು ಗಂಟೆ ಮಳೆ. ಮತ್ತೆ ಆಟ ಶುರುವಾದಾಗ ಗೋಲಿನ ಮುಂದೆ ನೀರು ನಿಂತಿತ್ತು, ಗೆರೆಯ ಸುಣ್ಣ ಅಲ್ಲಲ್ಲಿ ಕರಗಿತ್ತು. ಮೂರು ಸಲ ಚೆಂಡು ಅವಳ ಕಡೆ ಬಂತು. ಮೂರು ಸಲವೂ ಹಿಡಿದಳು. ಮೂರನೆಯದನ್ನು ಇಬ್ಬರ ತಲೆಯ ಮೇಲಿನಿಂದ ಕಿತ್ತುಕೊಂಡಾಗ ಪಕ್ಕದ ಅಂಕಲ್ ನಾಲಿಗೆ ಲೊಚಗುಟ್ಟಿದರು.

"ಇವಳಿಗೆ ಮನೇಲಿ ಏನು ತಿನ್ನಿಸ್ತೀಯಪ್ಪಾ?"

ಕೊನೆಯ ನಾಲ್ಕು ನಿಮಿಷ. ನಮ್ಮದು ಒಂಬತ್ತು ಅಂಕ, ಅವರದು ಏಳು. ಜೊಹೊರ್‌ನ ಒಬ್ಬಳು ದೂರದಿಂದ ಅಡ್ಡಪಟ್ಟಿಯ ಮೇಲಕ್ಕೆಂದು ಒದ್ದ ಚೆಂಡು ಗಾಳಿಗೆ ಸಿಕ್ಕಿ ಗೋಲಿನ ಬಾಯಿಗೇ ಇಳಿಯಿತು. ಹೆಂಡತಿ ಹಿಂದೆ ಹಿಂದೆ ಹೆಜ್ಜೆ ಇಟ್ಟಳು, ಹಾರಿದಳು, ಎರಡೂ ಕೈಯಲ್ಲಿ ಹಿಡಿದಳು. ನೆಲಕ್ಕೆ ಬಂದಾಗ ಕಾಲು ಜಾರಿತು. ಚೆಂಡು ಕೈಬಿಟ್ಟು ಅವಳ ಹೆಗಲ ಹಿಂದೆ ಬಿತ್ತು. ಅವಳು ಬಿದ್ದಲ್ಲೇ ಹೊರಳಿ ಅದನ್ನು ಒಂದು ಕೈಯಿಂದ ಮುಂದಕ್ಕೆ ಎಳೆದುಕೊಂಡಳು.

ನಾನು ಕಂಬಕ್ಕೆ ಅಂಟಿಕೊಂಡು, ಗೆರೆಯ ನೇರಕ್ಕೆ ನಿಂತಿದ್ದೆ. ಕಂಬದ ಬುಡದಲ್ಲಿ ಸುಣ್ಣ ಇನ್ನೂ ಅಳಿಸಿರಲಿಲ್ಲ. ಗೆರೆಗೂ ಚೆಂಡಿಗೂ ನಡುವೆ ಒಂದು ಬೆರಳಿನಷ್ಟು ಹುಲ್ಲು ಕಂಡಿತು. ಚೆಂಡು ಪೂರ್ತಿ ದಾಟಿತ್ತು.

ಹನ್ನೊಂದು ವರ್ಷ ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ಮೊದಲ ವಾರ ಕಲಿಸಿದ್ದು, ಒಬ್ಬನೇ ಕಂಡದ್ದನ್ನು ಅಚ್ಚಿಗೆ ಕಳುಹಿಸಬಾರದು, ಎರಡನೆಯವನು ಹೌದೆನ್ನುವವರೆಗೆ ಕಾಯಬೇಕು. ಕಂಡ ಒಬ್ಬನಿಗೆ ಅದರಲ್ಲಿ ಸ್ವಂತದ ಸಂಬಂಧವಿದ್ದರಂತೂ ಕಾಯಲೇಬೇಕು. ನನ್ನ ಕೈ ಹಸಿರು ಬಾವುಟದ ಕೋಲಿನ ಮೇಲಿತ್ತು. ಎತ್ತಲಿಲ್ಲ. ಇನ್ನೊಂದು ಕಂಬದ ಕಡೆ ತಿರುಗಿದೆ.

"ಅಂಕಲ್, ಕಂಡಿತಾ?"

ನಮ್ಮ ರಕ್ಷಕಿಯೊಬ್ಬಳು ಜಾರಿ ಬಂದು ಅವರ ಕಾಲಿಗೇ ಬಿದ್ದಿದ್ದಳು. ಅವರು ಅವಳನ್ನು ಎಬ್ಬಿಸುತ್ತಿದ್ದರು. "ಏನು? ಏನಾಯ್ತು?"

ರೆಫರಿ ನಮ್ಮ ಕಡೆ ನೋಡಿದರು. ಯಾವ ಬಾವುಟವೂ ಮೇಲಿರಲಿಲ್ಲ. ಆಟ ಮುಂದುವರಿಸಿ ಎಂದು ಕೈ ಬೀಸಿದರು.

ಹೆಂಡತಿ ಎದ್ದಳು, ಕೈಯಲ್ಲಿದ್ದ ಚೆಂಡನ್ನು ಬಲಕ್ಕೆ ಒದ್ದಳು. ಆಟ ನಿಂತಿರಲಿಲ್ಲ, ಹಾಗಾಗಿ ಅದು ಕಿಕ್‌ಔಟ್ ಅಲ್ಲ. ಅಲ್ಲಿಂದ ನಾಯಕಿಗೆ ಹೋಯಿತು, ಮತ್ತೆ ಹಿಂದಕ್ಕೆ, ಮತ್ತೆ ಎಡಕ್ಕೆ. ಮುನ್ನಡೆಯಲ್ಲಿದ್ದವರು ಹಾಗೇ ಆಡುತ್ತಾರೆ, ಸಮಯ ಕರಗಿಸುತ್ತಾರೆ. ಒಂದೂವರೆ ನಿಮಿಷ ಚೆಂಡು ನಮ್ಮವರ ಕೈಯಲ್ಲೇ ಸುತ್ತಿತು. "ಅಂಕಲ್, ಗೆರೆ ದಾಟಿತ್ತು" ಎಂದೆ. ಅವರು ನನ್ನ ಮುಖವನ್ನು ನೋಡಿದರು. "ನಾನು ನೋಡಲಿಲ್ಲ ತಂಬಿ. ನೋಡಲಿಲ್ಲ ಅಂದ ಮೇಲೆ ಹೇಗೆ ಹೇಳಲಿ?" ಆ ತುದಿಯಲ್ಲಿ ನಮ್ಮ ಮುಂಪಂಕ್ತಿಯ ಹುಡುಗಿ ಚೆಂಡನ್ನು ಪಟ್ಟಿಯ ಮೇಲಿನಿಂದ ಒದ್ದಳು. ಬೆಂಗಳೂರಿನವಳು, ಸಾಫ್ಟ್‌ವೇರ್‌ನಲ್ಲಿರುವವಳು, ಆ ಪಂದ್ಯಾವಳಿಯಲ್ಲಿ ಅದು ಅವಳ ಮೊದಲ ಅಂಕ. ಬಿಳಿ ಬಾವುಟ ಎದ್ದಿತು. ಹತ್ತು, ಏಳು. ನಮ್ಮವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯತೊಡಗಿದರು.

ಹೆಂಡತಿ ಕುಣಿಯಲಿಲ್ಲ. ತಿರುಗಿ ನನ್ನನ್ನು ನೋಡುತ್ತಿದ್ದಳು.

ಆ ತುದಿಯಲ್ಲಿ ಜೊಹೊರ್‌ನ ಗೋಲ್‌ಕೀಪರ್ ಚೆಂಡನ್ನು ನೆಲಕ್ಕಿಟ್ಟಳು. ರೆಫರಿ ತಮ್ಮ ಪುಸ್ತಕದಲ್ಲಿ ಅಂಕ ಬರೆದುಕೊಳ್ಳುತ್ತಿದ್ದರು. ಗೋಲ್‌ಕೀಪರ್ ನಾಲ್ಕು ಹೆಜ್ಜೆ ಹಿಂದೆ ಹೋದಳು. ಅವಳು ಒದ್ದರೆ ಮುಗಿಯಿತು.

ಹಸಿರು ಬಾವುಟ ಎತ್ತಿದೆ. ಯಾರೂ ನೋಡಲಿಲ್ಲ. ಕೂಗಿದೆ. ಅಂಕಲ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದರು.

ರೆಫರಿ ಗಡಿಯಾರ ನಿಲ್ಲಿಸಿ ಮೈದಾನದ ಉದ್ದಕ್ಕೂ ಓಡಿ ಬಂದರು. ಹಿಂದೆಯೇ ಎರಡೂ ತಂಡ.

"ಪೂರ್ತಿ ದಾಟಿತ್ತಾ?"

"ಪೂರ್ತಿ."

"ಆಗಲೇ ಯಾಕೆ ಎತ್ತಲಿಲ್ಲ?"

"ಇವರೂ ನೋಡಿದ್ದಾರಾ ಅಂತ ಕೇಳುತ್ತಿದ್ದೆ."

"ಇಬ್ಬರು ನೋಡಿರಬೇಕು ಅಂತ ನಾನು ಹೇಳಿರಲಿಲ್ಲ" ಎಂದರು. ಪುಸ್ತಕದಲ್ಲಿ ಒಂದು ಸಾಲು ಹೊಡೆದುಹಾಕಿ ಇನ್ನೊಂದನ್ನು ಬರೆದರು. ಗೋಲು ಕೊಟ್ಟರು. ಅದರ ನಂತರದ ನಮ್ಮ ಅಂಕ ರದ್ದು. ಜೊಹೊರ್ ಹತ್ತು, ನಾವು ಒಂಬತ್ತು. ಆಡಿದ ಒಂದೂವರೆ ನಿಮಿಷ ಮಾತ್ರ ವಾಪಸು ಬರಲಿಲ್ಲ. ಉಳಿದದ್ದು ಎರಡು ನಿಮಿಷ ಚಿಲ್ಲರೆ.

ಬೆಂಗಳೂರಿನ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು. "ಏನ್ ಸರ್ ನೀವು! ಪಾಯಿಂಟ್ ಹೊಡ್ದು, ಡ್ಯಾನ್ಸ್ ಮಾಡಿ, ಅಮ್ಮನಿಗೆ ವಾಯ್ಸ್ ನೋಟ್ ಕಳ್ಸೋದೊಂದು ಬಾಕಿ ಇತ್ತು. ರಾತ್ರಿ ಮನೇಲಿ ಊಟ ಬೇಡ್ವಾ ನಿಮ್ಗೆ?"

ನಾಯಕಿ ಅವಳ ಭುಜ ಹಿಡಿದು ಕರೆದುಕೊಂಡು ಹೋದರು.

ಹೆಂಡತಿಯ ಕಿಕ್‌ಔಟ್ ನೇರ ನಾಯಕಿಯ ಕೈ ಸೇರಿತು. ಎರಡು ಸಲ ನಮ್ಮವರು ಆ ತುದಿ ಮುಟ್ಟಿದರು. ಮೊದಲನೆಯದು ಕಂಬದ ಹೊರಗೆ ಹೋಯಿತು. ಎರಡನೆಯದು ಕಂಬಕ್ಕೇ ಬಡಿದು ಮೈದಾನಕ್ಕೆ ಮರಳಿತು. ಅದು ನೆಲ ಮುಟ್ಟುವ ಮುಂಚೆ ರೆಫರಿ ಕೊನೆಯ ಸೀಟಿ ಊದಿದರು. ಪಕ್ಕದ ಅಂಕಲ್ ಕೋಟು ಬಿಚ್ಚಿ, ಮಡಚಿ ನನ್ನ ಕೈಗಿತ್ತರು. ಮಗಳ ಕಡೆ ಎರಡು ಹೆಜ್ಜೆ ಹಾಕಿದವರು ತಿರುಗಿ ಬಂದು ನನ್ನ ಕೈ ಕುಲುಕಿ ಮತ್ತೆ ಹೋದರು.

ದಾರಿಯಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಾಕ್ ತಿಂಡಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಪರೋಟದಂಥ ರೊಟ್ಟಿ ಚನಾಯ್ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡೆ. ಪೊಟ್ಟಣ ಅವಳ ತೊಡೆಯ ಮೇಲಿತ್ತು. ಬಿಚ್ಚಲಿಲ್ಲ. ಮೊಣಕೈ ತರಚಿತ್ತು, ಉಗುರಿನಲ್ಲಿ ಕೆಸರಿತ್ತು. ನಮ್ಮ ಮನೆಯ ಹತ್ತಿರದ ಪುಚೊಂಗ್ ಟೋಲ್ ದಾಟಿದ ಮೇಲೆ ಮಾತಾಡಿದಳು.

"ಗೋಲ್ ಆಗಿತ್ತು. ನಂಗೂ ಗೊತ್ತುಂಟು. ಎಷ್ಟು ಹಿಂದಿಂದ ಎಳ್ದದ್ದು ಅಂತ ಕೈಗೆ ಗೊತ್ತಾಗ್ತದಲ್ಲ."

"ಹ್ಞೂಂ."

"ಅದಕ್ಕೆ ಬೇಜಾರಿಲ್ಲ. ಆಗ್ಲೇ ಎತ್ತಿದ್ರೆ ನಾಲ್ಕು ನಿಮಿಷ ಇತ್ತು, ನಾಲ್ಕು! ಒಂದು ಅಂಕ ವಾಪಸ್ ತರ್ಲಿಕ್ಕೆ ನಾಲ್ಕು ನಿಮಿಷ ಸಾಕಿತ್ತು. ನೀವು ಎಂತಕ್ಕೆ ಕಾದದ್ದು?"

ಎರಡನೆಯವರು ನೋಡಿದ್ದಾರೋ ಎಂದು ಕೇಳುತ್ತಿದ್ದೆ ಎಂದೆ.

"ಅವ್ರನ್ನು ಎಂತ ಕೇಳುದು? ಗೆರೆ ಹತ್ರ ನಿಂತದ್ದು ನೀವಲ್ವಾ?"

ಸಿಗ್ನಲ್‌ನಲ್ಲಿ ನಿಂತಾಗ ನಾನು ಕೇಳಿದೆ. "ನಿನಗೆ ಗೊತ್ತಿದ್ದರೆ ನೀನೇ ಯಾಕೆ ಹೇಳಲಿಲ್ಲ?"

"ಗೋಲ್‌ಕೀಪರ್ ಹೇಳುದಿಲ್ಲ ಮಾರಾಯ್ರೆ. ಅದಕ್ಕೇ ಅಲ್ವಾ ನಿಮ್ಮನ್ನು ನಿಲ್ಸಿದ್ದು?"

ನಾಲ್ಕು ಕೋಟುಗಳನ್ನು ಅವಳೇ ಒಗೆದು, ಇಸ್ತ್ರಿ ಮಾಡಿ, ಸೋಮವಾರ ಲ್ಯಾಬಿಗೆ ವಾಪಸು ಕೊಂಡುಹೋದಳು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಚೆಂಡಿನ ಸದ್ದಿಗೆ ಎಚ್ಚರವಾಯಿತು. ಬಾಲ್ಕನಿಯಿಂದ ನೋಡಿದಾಗ ಅವಳೊಬ್ಬಳೇ ಚೆಂಡನ್ನು ಗೋಡೆಗೆ ಎಸೆದು ಹಿಡಿಯುತ್ತಿದ್ದಳು. ಬಕೆಟ್ ಪಕ್ಕದಲ್ಲಿತ್ತು. ಕೆಳಗೆ ಹೋದೆ. ಚೆಂಡನ್ನು ನನ್ನ ಕಡೆ ಉರುಳಿಸಿದಳು.

ಈ ವರ್ಷದ ಪಂದ್ಯಾವಳಿಯ ಅರ್ಜಿ ಕಳೆದ ವಾರ ಬಂದಿದೆ. ತಂಡ ಜೂನಿಯರ್ ದರ್ಜೆಯಲ್ಲೇ ಇದೆ. ನಾಯಕಿ ತಮ್ಮ ಶಾಲೆಯ ಬೇಸಿಗೆ ರಜೆಗೆ ಐರ್ಲೆಂಡಿಗೆ ಹೋಗಿರುವುದರಿಂದ ಅರ್ಜಿ ತುಂಬುವ ಕೆಲಸ ನನ್ನ ಹೆಂಡತಿಯದು. ಶುಕ್ರವಾರ ಕೊನೆಯ ದಿನ. ಗೋಲ್‌ಕೀಪರ್ ಎಂಬಲ್ಲಿ ತನ್ನ ಹೆಸರು ಬರೆದಿದ್ದಾಳೆ. ಅಂಪೈರ್‌ಗಳು ಎಂಬಲ್ಲಿ ಎರಡು ಗೆರೆಗಳಿವೆ. ಮೊದಲನೆಯದರಲ್ಲಿ, ಕಳೆದ ವರ್ಷ ಆ ತುದಿಯ ಗೋಲಿಗೆ ನಿಂತಿದ್ದ ನಾಯಕಿಯ ಗಂಡನ ಹೆಸರಿದೆ. ಇದನ್ನು ಬರೆಯುತ್ತಿರುವ ಬುಧವಾರ ಸಂಜೆಯವರೆಗೆ ಎರಡನೆಯದು ಖಾಲಿ ಇದೆ.