ಫ್ಲಾಸ್ಕಿನಲ್ಲಿ ಸಾರು

ಸೊರ್ರ್! ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಿಂದಿ ಕಲಿಯಲೆಂದು ಜಪಾನಿನಿಂದ ಬಂದು ಫರೀದಾಬಾದಿನ ನಮ್ಮ ಫ್ಲ್ಯಾಟಿನಲ್ಲಿ ಇಳಿದುಕೊಂಡ ಹುಡುಗಿ, ಮೊದಲ ದಿನದ ಊಟಕ್ಕೆ ಕೂತು, ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಗಿಟ್ಟಾಗ ಬಂದ ಸದ್ದು ಅದು. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದು!

ನಾನು ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಸ್ಪೂನು ಪ್ಲೇಟಿಗೆ ತಾಗಿ ಟಣ್ ಎಂದರೂ ಸಿಸ್ಟರ್ ಹುಬ್ಬೇರಿಸುತ್ತಿದ್ದರು. ಮದುವೆಯಾದದ್ದು ಸೈನ್ಯದ ಅಧಿಕಾರಿಯನ್ನು. ಅಲ್ಲಿ ಆಫೀಸರ್ಸ್ ಮೆಸ್ಸಿನ ಶಿಸ್ತು, ಅದೂ ಒಂದು ಕಾನ್ವೆಂಟೇ. ಹಾಗಾಗಿ ನಮ್ಮ ಊಟದ ಟೇಬಲ್ಲು ಯಾವಾಗಲೂ ವೆರಿ ಕ್ವಯಟ್.

ಆ ವರ್ಷ ಮಾತ್ರ ಆ ಮೌನ ನನ್ನನ್ನು ಹೆದರಿಸತೊಡಗಿತ್ತು. ಒಂದು ಜ್ವರ ಬಂದು ಹೋದ ಮೇಲೆ ನಮ್ಮ ಯಜಮಾನರ ನಾಲಿಗೆ ರುಚಿಯನ್ನೇ ಮರೆತಿತ್ತು. ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡುವರು. “ಬೇಡ ಕಣೇ, ಮಣ್ಣು ತಿಂದ ಹಾಗಿದೆ.” ಅವರ ಶರಟಿನ ಕಾಲರು ಕತ್ತಿಗಿಂತ ದೊಡ್ಡದಾಗುತ್ತಾ ಬಂತು. ಹೇಗಾದರೂ ತಿನ್ನಿಸಿ ಎಂದರು ಡಾಕ್ಟರು. ಹೇಗೆ ಅಂತ ಹೇಳಲಿಲ್ಲ. ಟೇಬಲಿಗೆ ಇನ್ನೊಂದು ಮುಖ ಬಂದರೆ ಕೊಂಚ ಕಳೆ ಬಂದೀತೆಂದೇ ನಾನು ಆ ಹುಡುಗಿಯನ್ನು ಮನೆಯಲ್ಲಿಟ್ಟುಕೊಳ್ಳಲು ಒಪ್ಪಿದ್ದು.

ಸೊರ್ರ್ ಎಂದದ್ದೇ ತಡ, ಯಜಮಾನರು ತಲೆಯೆತ್ತಿದರು.

“ಏನೇ ಇದು, ಪಂಪ್‌ಸೆಟ್ ತಂದು ಕೂರಿಸಿದೀಯಾ?”

“ಶ್! ಮೆಲ್ಲಗೆ ರೀ.”

“ಅವಳಿಗೆಲ್ಲಿ ಕನ್ನಡ ಬರುತ್ತೆ?” ಎನ್ನುತ್ತಲೇ ಅವಳ ಕಡೆ ತಿರುಗಿ, “ಬೇಟಾ, ಆವಾಜ್ ನಹೀಂ,” ಎಂದರು.

ಹುಡುಗಿ ಬೆಚ್ಚಿ ಬಟ್ಟಲು ಇಳಿಸಿದಳು. ಸದ್ದಿಲ್ಲದೆ ಕುಡಿದರೆ ತನ್ನ ಅಜ್ಜಿಗೆ ಬೇಜಾರಾಗುತ್ತದೆ, ಅಡುಗೆ ಕೆಟ್ಟಿದೆಯೇನೋ ಅಂದುಕೊಳ್ಳುತ್ತಾಳೆ ಎಂದು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ತಡವರಿಸುತ್ತಾ ವಿವರಿಸಿದಳು. ನನಗೆ ನಮ್ಮಜ್ಜಿ ನೆನಪಾದರು. ಅಂಗೈಯನ್ನು ದೊನ್ನೆ ಮಾಡಿ, ಸಾರು ಹಾಕಿಸಿಕೊಂಡು, ಮೊಣಕೈಗೆ ಇಳಿಯುವ ಮೊದಲೇ ಸೊರಸೊರ ಎಳೆದುಕೊಳ್ಳುತ್ತಿದ್ದರು. ರಜೆಯಲ್ಲಿ ಮನೆಗೆ ಬಂದಾಗ ನನಗದು ಎಂಥ ನಾಚಿಕೆ!

ಮರುದಿನದಿಂದ ನಮ್ಮ ಮನೆಯಲ್ಲಿ ಟೇಬಲ್ ಮ್ಯಾನರ್ಸ್ ಕ್ಲಾಸು. ಹುಡುಗಿ ಹಗಲೆಲ್ಲಾ ದೆಹಲಿಯಲ್ಲಿ ಹಿಂದಿ ಪಾಠ ಕೇಳಿ ಮೆಟ್ರೋ ಹಿಡಿದು ಬರುವಳು. ಸಂಜೆ ಇವರು ಕರ್ನಲ್ ಸಾಹೇಬರ ಗತ್ತಿನಲ್ಲಿ ಕಾದು ಕೂತಿರುವರು. ಸ್ಪೂನನ್ನು ತನ್ನಿಂದ ಆಚೆಗೆ ಸರಿಸಿ ತುಂಬಬೇಕು, ಸ್ಪೂನಿನ ಪಕ್ಕದಿಂದ ಕುಡಿಯಬೇಕು, ಬೆನ್ನು ನೆಟ್ಟಗಿರಬೇಕು. ಹೇಳಿದರೆ ಸಾಕೇ? ತೋರಿಸಲೂ ಬೇಕಲ್ಲ!

“ಅಂಕಲ್‌ಜೀ, ಫಿರ್ ಸೇ ದಿಖಾಯಿಯೇ,” ಎನ್ನುವಳು ಹುಡುಗಿ. ಇನ್ನೊಮ್ಮೆ ತೋರಿಸಿ ಎಂದು. ಇವರು ಇನ್ನೊಂದು ಸ್ಪೂನು ಕುಡಿದು ತೋರಿಸುವರು. ಮತ್ತೆ ಅವಳಿಂದ ಸೊರ್ರ್. “ನಹೀಂ ನಹೀಂ, ಐಸೇ!” ಪಾಠ ಮುಗಿಯುವಷ್ಟರಲ್ಲಿ ಗುರುಗಳ ಬಟ್ಟಲು ಖಾಲಿ. ಆಮೇಲೆ ಅನ್ನ, ಪಲ್ಯ, ಒಮ್ಮೊಮ್ಮೆ ಮೊಸರು. ಅಷ್ಟು ಜಾಣ ಹುಡುಗಿಗೆ ಒಂದು ಸ್ಪೂನು ಹಿಡಿಯಲು ತಿಂಗಳುಗಟ್ಟಲೆ ಯಾಕೆ ಬೇಕಾಯಿತೆಂದು ನಾನು ಕೇಳಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ.

ಕೋರ್ಸು ಮುಗಿಯಿತು. ಅವಳ ಸೂಟ್‌ಕೇಸು ಹಾಲಿಗೆ ಬಂದ ದಿನವೇ ಇವರು ಮತ್ತೆ ತಟ್ಟೆ ಸರಿಸಿದರು.

“ಉಪ್ಪು ಕಮ್ಮಿ.”

“ನಿನ್ನೆ ಹಾಕಿದಷ್ಟೇ ಹಾಕಿದೀನಿ ರೀ.”

“ಹಾಗಾದ್ರೆ ನಿನ್ನೇನೂ ಕಮ್ಮಿ ಇತ್ತು.”

ನನಗೆ ಅವಳು ನಮ್ಮ ಊಟದ ಟೇಬಲನ್ನೂ ಪ್ಯಾಕ್ ಮಾಡಿಕೊಂಡು ಹೊರಟಂತೆ ಅನ್ನಿಸಿತು.

ಹೊರಡುವ ದಿನ ಬೆಳಗ್ಗೆ ಹುಡುಗಿಗೆ ಗಡಿಬಿಡಿಯಲ್ಲಿ ಏನೂ ಸೇರಲಿಲ್ಲ. ಆಗ ಇವರು, “ಮಗೂನ ಖಾಲಿ ಹೊಟ್ಟೇಲಿ ಕಳಿಸ್ತೀಯೇನೇ? ಫ್ಲಾಸ್ಕಿಗೆ ಸಾರು ಹಾಕು,” ಎಂದರು.

“ಏರ್‌ಪೋರ್ಟ್ ಒಳಗೆ ಬಿಡಲ್ಲ ರೀ.”

“ಒಳಗೆ ಯಾರು ಒಯ್ತಾರೆ? ಗೇಟಿನ ಹೊರಗೇ ಕುಡಿಯೋಣ. ಲೋಟ ಮೂರು ತಗೋ.”

ಮೂರು ಎಂದದ್ದು ಕೇಳಿ ನನ್ನ ಜೀವ ಸ್ವಲ್ಪ ತಣ್ಣಗಾಯಿತು.

ಡಿಪಾರ್ಚರ್ ಗೇಟಿನ ಪಕ್ಕದಲ್ಲಿ, ಟ್ರಾಲಿಗಳ ನಡುವೆ, ಸ್ಟೀಲ್ ಲೋಟಗಳಿಗೆ ಸಾರು ಸುರಿದೆ. ಹುಡುಗಿ ಬೆನ್ನು ನೆಟ್ಟಗೆ ಮಾಡಿ, ತುಟಿ ತಾಗಿತೋ ಇಲ್ಲವೋ ಎಂಬಂತೆ ಒಂದು ಗುಟುಕು ಕುಡಿದಳು. ಒಂದಿಷ್ಟೂ ಸದ್ದಿಲ್ಲ. ಪರ್ಫೆಕ್ಟ್. ನಮ್ಮ ಸಿಸ್ಟರ್ ಇದ್ದಿದ್ದರೆ ಪ್ರೈಜ್ ಕೊಡುತ್ತಿದ್ದರು.

ಯಜಮಾನರು ಅವಳನ್ನೇ ನೋಡಿದರು. “ಕ್ಯೋಂ ಬೇಟಾ? ಸಾರು ಅಚ್ಛಾ ನಹೀಂ ಹೈ?” ಎಂದವರೇ ತಮ್ಮ ಲೋಟ ಬಾಯಿಗಿಟ್ಟು ಎಳೆದರು ನೋಡಿ, ಸೊರ್ರ್! ಬಂದೂಕು ಹಿಡಿದು ನಿಂತಿದ್ದ ಜವಾನ ತಿರುಗಿ ನೋಡಿದ.

ಹುಡುಗಿ ನಕ್ಕಳು. ಕಣ್ಣಲ್ಲಿ ನೀರಿತ್ತು. ಅವಳೂ ಸೊರ್ರ್ ಎಂದಳು. ನಾನು ಆಚೀಚೆ ನೋಡಿದೆ. ಈ ವಯಸ್ಸಿನಲ್ಲಿ ಇನ್ನು ಯಾರ ಭಯ? ಕಣ್ಣು ಮುಚ್ಚಿ ನಾನೂ ಎಳೆದೆ. ಮೊದಲ ಪ್ರಯತ್ನ, ನಾಲಿಗೆ ಸುಟ್ಟಿತು.

“ನೋಡಿದ್ಯಾ, ನಿನ್ನ ಆಂಟೀಗೆ ಇದೂ ಬರಲ್ಲ,” ಎಂದರು ಇವರು, ಅವಳಿಗೆ, ಕನ್ನಡದಲ್ಲೇ.

ಆಮೇಲೆ ಅವಳು ಒಳಗೆ ಹೋದಳು. ಗಾಜಿನಾಚೆ ಒಮ್ಮೆ ನಿಂತು ನಮ್ಮತ್ತ ತಿರುಗಿ, ಎರಡೂ ಕೈಯನ್ನು ಬಟ್ಟಲಿನಂತೆ ಜೋಡಿಸಿ ತುಟಿಗಿಟ್ಟುಕೊಂಡಳು. ಸದ್ದು ನಮಗೆ ಕೇಳಿಸಲಿಲ್ಲ. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಪಕ್ಕದಲ್ಲಿ ಯಜಮಾನರು ಫ್ಲಾಸ್ಕನ್ನು ಬೋರಲು ಹಾಕಿ, ತಳದ ಗಸಿಯನ್ನೂ ಬಿಡದೆ ತಮ್ಮ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಿದ್ದರು.