ಕಳ್ಳಿಬೇಲಿಯ ಆಚೆ ಈಚೆಯ ನಾಯಿಗಳು

ಮೊಮ್ಮಗ ತಂದ ನಾಯಿಮರಿಗೆ ಸ್ಪೈಡರ್ ಎಂದು ಹೆಸರಿಟ್ಟಿದ್ದು ಜ್ವನ್ಯಾಜ ಅಜ್ಜಿಗೆ ಹಿಡಿಸಲಿಲ್ಲ. ಅಡುಗೆ ಗುಡಿಸಲ ಬಾಗಿಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

“ಆ ಹೆಸರು ಯಾರಿಗೆ ಹೇಳಿದ್ದು?”

“ಯಾರಿಗೂ ಅಲ್ಲ ಅಜ್ಜಿ. ನಾಯಿಗೆ.”

“ನಾಯಿಗೆ ಯಾಕಪ್ಪಾ ಹೆಸರು? ನಾಯಿ ಹೆಸರು ಇರೋದು ಪಕ್ಕದ ಮನೆಯವರಿಗೆ.”

ಹುಡುಗ ನಕ್ಕು ಮರಿಯನ್ನು ಎತ್ತಿಕೊಂಡು ಹೋದ. ಅಜ್ಜಿ ಮತ್ತೆ ಸುಲಿಯತೊಡಗಿದಳು. ಆದರೆ ಅವಳ ಮನಸ್ಸು ತನ್ನೂರು ಬುಹೇರದ ಹಳೆಯ ಸಂಜೆಗಳಿಗೆ ಹೋಗಿಬಿಟ್ಟಿತ್ತು.

ಆಗೆಲ್ಲ ಹೊತ್ತು ಮುಳುಗುವ ವೇಳೆಗೆ ದಾರಿಯಲ್ಲಿ ಸುಮ್ಮನೆ ನಿಂತರೂ ಊರಿನ ಸುದ್ದಿಯೆಲ್ಲ ಕಿವಿಗೆ ಬೀಳುತ್ತಿತ್ತು. ಹೆಂಗಸರು ಅಂಗಳಕ್ಕೆ ಬಂದು ತಮ್ಮ ತಮ್ಮ ನಾಯಿಗಳನ್ನು ಕೂಗುತ್ತಿದ್ದರು. ಒಂದು ಮನೆಯಿಂದ ‘ನೋಡೋಣ’ ಎಂಬ ನಾಯಿಗೆ ಕರೆ, ಇನ್ನೊಂದು ಮನೆಯಿಂದ ‘ನಿಮಗೇನು ಕಷ್ಟ’ ಎಂಬ ನಾಯಿಗೆ ಕರೆ. ಅವರಾಡುವ ಶೋನಾ ಮಾತಿನಲ್ಲಿ ಹೆಸರೆಂದರೆ ಬರೀ ಗುರುತಲ್ಲ, ಒಂದು ಪೂರ್ತಿ ಮಾತು. ಮುಖ ನೋಡಿ ಹೇಳಲಾಗದ್ದನ್ನು ಮಗುವಿನ ಮೇಲೋ ನಾಯಿಯ ಮೇಲೋ ಇಟ್ಟು ದಿನವೂ ಕೂಗಬಹುದು. ಯಾರಾದರೂ ಜಗಳಕ್ಕೆ ಬಂದರೆ, ಅಯ್ಯೋ, ನಾನು ನಾಯಿ ಕರೆದೆನಪ್ಪ ಎಂದರಾಯಿತು. ಅವಳ ಹೆಸರೂ ಹಾಗೇ ಬಂದದ್ದು. ಹಸುಗಳ ಪಾಲಿನಲ್ಲಿ ಮೋಸವಾಯಿತೆಂದು ಅವಳ ಅಪ್ಪ ತನ್ನ ಅಣ್ಣನಿಗೆ ಕೇಳಿಸಲೆಂದೇ ಮಗಳಿಗೆ ಜ್ವನ್ಯಾಜ ಎಂದಿಟ್ಟಿದ್ದ: ‘ಇದು ನಾಚಿಕೆಗೇಡು’.

ಟಕವಿರನ ಹೆಂಡತಿಯಾಗಿ ಅವಳು ಈ ಮನೆಗೆ ಬಂದಾಗ ಕಳ್ಳಿಬೇಲಿಯ ಆಚೆ ಅವನ ಅಣ್ಣನ ಸಂಸಾರವಿತ್ತು. ಅಣ್ಣನ ಹೆಂಡತಿ ಕೆರೆಸಿಯ. ರೀತಿಯಂತೆ ಜ್ವನ್ಯಾಜ ಅವಳನ್ನು ಮೈಗುರು, ಅಂದರೆ ದೊಡ್ಡಮ್ಮ ಎನ್ನುತ್ತಿದ್ದಳು. ಅವಳು ಇವಳನ್ನು ಮೈನಿನಿ, ಚಿಕ್ಕಮ್ಮ ಎನ್ನುತ್ತಿದ್ದಳು. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಬಿಯರಿಗೆ ಮೊಳಕೆ ಕಟ್ಟಿದ ರಾಗಿ ಬೀಸಲು ಒಂದೇ ಕಲ್ಲು, ಸೌದೆಗೆ ಒಂದೇ ದಾರಿ. ವಾರಗಿತ್ತಿಯರು ಇಷ್ಟು ಹೊಂದಿಕೊಂಡಿದ್ದನ್ನು ಕಂಡು ಅತ್ತೆಗೇ ಅನುಮಾನ ಬಂದಿತ್ತು.

ಜ್ವನ್ಯಾಜಳಿಗೆ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಒಂದು ದಿನ ಬಾವಿಯ ಬಳಿ, ನಾಲ್ಕು ಜನ ಹೆಂಗಸರ ಎದುರಿಗೆ, ಟಕವಿರ ಕಾಳಿಲ್ಲದ ಕಣಜ ಕಟ್ಟಿಸಿಕೊಂಡ ಎಂದು ಕೆರೆಸಿಯ ಅಂದಳಂತೆ. ತಮಾಷೆಗೆ ಅಂದಿದ್ದೋ, ಮನಸ್ಸಿನಿಂದ ಬಂದಿದ್ದೋ, ಸಂಜೆಯೊಳಗೆ ಆ ಮಾತು ಜ್ವನ್ಯಾಜಳ ಕಿವಿಗೆ ಬಿತ್ತು. ಅವಳು ಅಳಲಿಲ್ಲ. ಗಂಡನಿಂದ ಒಂದು ನಾಯಿಮರಿ ತರಿಸಿಕೊಂಡಳು. ಅದಕ್ಕೆ ತೌರಾಯ್ ಎಂದು ಹೆಸರಿಟ್ಟಳು, ‘ಆಡಿಕೊಳ್ಳಿ’. ಬೇಲಿಯ ಹತ್ತಿರವೇ ನಿಂತು ಕೂಗಿದಳು.

ತಿಂಗಳು ಕಳೆಯುವುದರೊಳಗೆ ಬೇಲಿಯ ಆಚೆಯೂ ಒಂದು ಮರಿ ಬಂತು. ಅದರ ಹೆಸರು ಚೊಕ್ವಾಡಿ, ‘ನಿಜವನ್ನೇ’. ಊರವರು ನಗುವುದೋ ಬಿಡುವುದೋ ತಿಳಿಯದೆ ಸಂಜೆಯಾದರೆ ಕಿವಿ ಕೊಟ್ಟು ಕೂರುತ್ತಿದ್ದರು. ತೌರಾಯ್ ಹಾವು ಕಚ್ಚಿ ಸತ್ತಿತು. ಅದರ ಜಾಗಕ್ಕೆ ವೆಂಗಾಯ್ ಬಂತು, ‘ಹಗೆ ಸಾಧಿಸಿ’. ಹೀಗೆ ಮಾತಿಗೆ ಮಾತು ಬೆಳೆದು, ವಾರಗಿತ್ತಿಯರ ನಡುವೆ ನಾಯಿಗಳಲ್ಲದೆ ಬೇರೆ ಮಾತೇ ಉಳಿಯಲಿಲ್ಲ.

ಕೊನೆಗೂ ಜ್ವನ್ಯಾಜಳಿಗೆ ಒಂದು ಹೆಣ್ಣು ಮಗು ಹುಟ್ಟಿತು. ಹೆಸರು ಕೇಳಲು ಅತ್ತೆ ಬಂದಾಗ ಅವಳು ಬಾಣಂತಿ ಚಾಪೆಯಿಂದಲೇ, ಬೇಲಿಯಾಚೆ ಕೇಳುವಷ್ಟು ಗಟ್ಟಿಯಾಗಿ, ಮನ್ಯಾರ ಎಂದಳು. ‘ನಿಮಗೆ ಮುಖಭಂಗವಾಯಿತು’.

ನಾಯಿಗಾದರೆ ಸರಿ, ಈ ಮಗು ಏನು ಮಾಡಿದೆ, ನಾಳೆ ಕೊಟ್ಟ ಮನೆಯಲ್ಲೂ ಇದೇ ಜಗಳ ಹೊತ್ತುಕೊಂಡು ಹೋಗಬೇಕಾ ಎಂದು ಟಕವಿರ ಬೇಡಿಕೊಂಡ. ಅವಳು ಕೇಳಲಿಲ್ಲ. ಆದರೆ ಮಗುವನ್ನು ಎದೆಗೆ ಹಾಕಿಕೊಂಡು ಆ ಹೆಸರನ್ನು ಮೆಲ್ಲಗೆ ಕರೆದ ಮೊದಲ ದಿನವೇ ಅದು ನಾಲಿಗೆಯ ಮೇಲೆ ಒರಟಾಗಿತ್ತು. ಇಟ್ಟ ಹೆಸರನ್ನು ಹಿಂದೆ ತೆಗೆದುಕೊಂಡರೆ ಸೋತಂತೆ ಎಂದು ಸುಮ್ಮನಾದಳು.

ಕೆರೆಸಿಯ ಆ ಹೆಸರನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ. ತಂದರೆ ತನಗೆ ತಾನೇ ಮುಖಭಂಗ ಹೇಳಿಕೊಂಡಂತೆ. ಹುಡುಗಿ ಬೇಲಿಯ ಸಂದಿಯಲ್ಲಿ ನುಸುಳಿ ಹೋದಾಗಲೆಲ್ಲ ಅವಳನ್ನು ಮಗಳೇ ಎಂದೇ ಕರೆದು, ಸಾಡ್ಜಾ ಮುದ್ದೆಯ ಮೇಲೆ ಕಡಲೆಬೀಜದ ಗೊಜ್ಜು ಹಾಕಿ ಕೊಡುತ್ತಿದ್ದಳು. ಮಗಳ ತುಟಿಯ ಮೇಲಿನ ಗೊಜ್ಜು ಜ್ವನ್ಯಾಜಳಿಗೆ ಕಾಣುತ್ತಿತ್ತು. ಕಂಡೂ ಕಾಣದಂತೆ ಒರೆಸುತ್ತಿದ್ದಳು.

ಆಮೇಲೆ ಬಿಳಿಯರ ಸರ್ಕಾರದ ವಿರುದ್ಧದ ಯುದ್ಧ ಬುಹೇರಕ್ಕೂ ಬಂತು. ಕಾಡಿನಲ್ಲಿ ಅಡಗಿ ಹೋರಾಡುವ ಹುಡುಗರು ಕತ್ತಲಲ್ಲಿ ಊರಿಂದೂರಿಗೆ ನಡೆಯುತ್ತಿದ್ದರು. ನಾಯಿ ಬೊಗಳಿದರೆ ಸರ್ಕಾರದ ಸೈನಿಕರಿಗೆ ಸುಳಿವು ಸಿಗುತ್ತದೆ, ಊರಲ್ಲಿ ಒಂದು ನಾಯಿಯೂ ಇರಬಾರದು ಎಂದು ಅವರು ಹೇಳಿ ಕಳಿಸಿದರು. ಗಂಡಸರು ನಾಯಿಗಳನ್ನು ಹಗ್ಗ ಕಟ್ಟಿ ಹೊಳೆಯ ಕಡೆಗೆ ಕರೆದುಕೊಂಡು ಹೋದರು. ಅವತ್ತು ಸಂಜೆ ಜ್ವನ್ಯಾಜ ಅಭ್ಯಾಸಬಲದಿಂದ ಅಂಗಳಕ್ಕೆ ಬಂದು, ಬಾಯಿ ತೆರೆದು, ಮುಚ್ಚಿಕೊಂಡಳು. ಬೇಲಿಯಾಚೆ ಕೆರೆಸಿಯಳೂ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಅಷ್ಟು ವರ್ಷ ಬೈದುಕೊಂಡವರಿಗೆ ಈಗ ಬೈಯಲೂ ದಾರಿಯಿರಲಿಲ್ಲ. ಊರು ಸತ್ತಂತಾಗಿತ್ತು.

ಅದೇ ಚಳಿಗಾಲದ ಒಂದು ಸಂಜೆ ಮೇಕೆಗಳು ಮನೆಗೆ ಬಂದವು, ಹಿಂದೆ ಮನ್ಯಾರ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಹೊರಗೆ ಕಂಡವರಿಗೆ ಸೈನಿಕರು ಗುಂಡು ಹಾರಿಸುತ್ತಿದ್ದ ಕಾಲ. ಟಕವಿರ ಊರಲ್ಲಿರಲಿಲ್ಲ. ನಾಯಿಯಿದ್ದಿದ್ದರೆ ವಾಸನೆ ಹಿಡಿದಾದರೂ ಹೋಗುತ್ತಿತ್ತು. ಜ್ವನ್ಯಾಜ ಮೇಕೆಯ ಹಾದಿಯಲ್ಲಿ ಓಡಿ ಕೂಗಲು ನೋಡಿದಳು. ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಸೂರ್ಯ ಮುಸಾಸಾ ಮರಗಳ ತುದಿಗೆ ಇಳಿದಿದ್ದ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಎದ್ದಿತು. ಕೆರೆಸಿಯ ಸೊಂಟಕ್ಕೆ ಸುತ್ತಿದ ಬಟ್ಟೆಯನ್ನು ಮೊಣಕಾಲಿಗೆ ಎತ್ತಿಕೊಂಡು ಎತ್ತರದ ಹುತ್ತದ ದಿಬ್ಬ ಹತ್ತಿದ್ದಳು. ಎರಡೂ ಕೈ ಬಾಯಿಗೆ ಹಿಡಿದು, ಸೈನಿಕರು ಕೇಳಲಿ, ಊರು ಕೇಳಲಿ, ಹೊಳೆಯಾಚೆಯ ಊರೂ ಕೇಳಲಿ ಎನ್ನುವಂತೆ ಕೂಗುತ್ತಿದ್ದಳು.

“ಮನ್ಯಾರ! ಮನ್ಯಾರಾ!”

ಗುಡಿಸಲುಗಳ ಬಾಗಿಲಲ್ಲಿ ಜನ ಬಂದು ನಿಂತರು. ಯಾರೂ ನಗಲಿಲ್ಲ. ತಾನು ಬಾಣಂತಿ ಚಾಪೆಯಿಂದ ಎಸೆದ ಮಾತನ್ನು ಕೆರೆಸಿಯ ತನ್ನ ಬಾಯಿಂದಲೇ ಮತ್ತೆ ಮತ್ತೆ ಕೂಗುವುದನ್ನು ಜ್ವನ್ಯಾಜ ಕೇಳಿದಳು. ಅದರಲ್ಲಿ ಈಗ ಬೈಗುಳವಿರಲಿಲ್ಲ. ಒಂದು ಮಗುವಿನ ಹೆಸರಿತ್ತು, ಅಷ್ಟೆ.

ದೊಡ್ಡ ಬಾವೊಬಾಬ್ ಮರದ ಪೊಟರೆಯಿಂದ ಹುಡುಗಿ ಒಂದು ಮೇಕೆಮರಿಯನ್ನು ತಬ್ಬಿಕೊಂಡು ಓಡಿಬಂದಳು. ಲಾರಿಯ ಸದ್ದು ಕೇಳಿ ಅಡಗಿದ್ದಳಂತೆ. ಅಮ್ಮ ತೋಳು ಹಿಡಿದು ಅಲ್ಲಾಡಿಸಿದಾಗ ಅವಳು ಬಿಕ್ಕುತ್ತಾ ಹೇಳಿದಳು.

“ಬರಬಾರದು ಅಂತಾನೇ ಇದ್ದೆ. ಮೈಗುರು ಯಾವತ್ತೂ ನನ್ನ ಹೆಸರು ಹಿಡಿದು ಕರೆದಿಲ್ಲ. ಏನೋ ದೊಡ್ಡ ತಪ್ಪು ಮಾಡಿದೀನಿ ಅನ್ಕೊಂಡು ಓಡಿಬಂದೆ.”

ಕೆರೆಸಿಯ ಏದುಸಿರು ಬಿಡುತ್ತಾ ದಿಬ್ಬದಿಂದ ಇಳಿದಳು. ಬೇಲಿಯವರೆಗೆ ಮೂವರೂ ಜೊತೆಗೆ ನಡೆದರು. ಅಲ್ಲಿ ಜ್ವನ್ಯಾಜ ನೆಲಕ್ಕೆ ಮಂಡಿಯೂರಿದಳು. ಹಿರಿಯರಿಗೆ ವಂದಿಸುವಂತೆ ಬೊಗಸೆ ಮಾಡಿದ ಕೈಗಳನ್ನು ಮೆಲ್ಲಗೆ ತಟ್ಟಿದಳು. ದಿನವೂ ಎಲ್ಲರಿಗೂ ಹೇಳುವ ಸಂಜೆಯ ಮಾತನ್ನೇ ಹೇಳಿದಳು. ಕೆರೆಸಿಯಳಿಗೆ ಮಾತ್ರ ವರ್ಷಗಳಿಂದ ಹೇಳಿರಲಿಲ್ಲ.

“ಮೈಗುರು, ಹಗಲು ಚೆನ್ನಾಗಿ ಕಳೀತಾ?”

ಕೆರೆಸಿಯಳೂ ಕಷ್ಟಪಟ್ಟು ಮಂಡಿ ಮಡಿಸಿ ಎದುರಿಗೆ ಕೂತಳು. ಶೋನಾದಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಅದನ್ನೇ ಅವಳು ಹೇಳಿದಳು.

“ನಿನ್ನದು ಕಳೆದಿದ್ರೆ ನಂದೂ ಕಳೀತು, ಮೈನಿನಿ.” ಮಂಡಿ ಒತ್ತಿ ಏಳುತ್ತಾ ಸೇರಿಸಿದಳು. “ಎಂಥ ಹೆಸರು ಇಟ್ಟಿದೀಯೇ ಮಾರಾಯ್ತಿ, ಕೂಗಿ ಕೂಗಿ ಗಂಟಲು ಹೋಯ್ತು. ಒಳಗೆ ನಡಿ, ಕತ್ತಲಾಯ್ತು.”

ಅವತ್ತು ಅವರು ಯಾರ ಒಲೆಯ ಮುಂದೆ ಊಟ ಮಾಡಿದರೆಂಬುದು ಜ್ವನ್ಯಾಜ ಅಜ್ಜಿಗೆ ಈಗ ನೆನಪಿಲ್ಲ. ಬೇಲಿಯ ಸಂದಿ ಚಿಕ್ಕದಾಗಿತ್ತೆಂದೂ, ದಪ್ಪಗಿದ್ದ ಕೆರೆಸಿಯ ಅದರಲ್ಲಿ ತೂರಲು ಪಟ್ಟ ಪಾಡಿಗೆ ಮೂವರೂ ಬಾಯಿ ಮುಚ್ಚಿಕೊಂಡು ನಕ್ಕರೆಂದೂ ನೆನಪಿದೆ.