ಹಾಲವ್ವ ಹಾಸಿದ ಖಡಿ ರಸ್ತೆ

ಮುಂಬಯಿಯ ಫೋರ್ಟಿನ ಗಲ್ಲಿಯೊಂದರಲ್ಲಿ ಚೆನ್ನಯ ಅವರ ಹೋಟೆಲಿದೆ. ಅಲ್ಲಿ ಒಳಗೆ ಕೂತು ತೆಂಗಿನಕಾಯಿ ತುರಿಯುವ ಹಾಲವ್ವನನ್ನು ಗಿರಾಕಿಗಳು ಯಾರೂ ನೋಡಿಲ್ಲ, ಚಟ್ನಿಯನ್ನು ಮಾತ್ರ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾರೆ. ಬಾದಾಮಿ ಕಡೆಯವಳು, ಸಯನ್‌ನ ಚಾಳಿನಲ್ಲಿ ವಾಸ. ವಯಸ್ಸು ಕೇಳಿದರೆ "ಆಧಾರ್ ಕಾರ್ಡ್ ಮಾಡಿದವರಿಗೆ ಗೊತ್ತು" ಎನ್ನುತ್ತಾಳೆ.

ಹೋಟೆಲಿಗೆ ಬರುವ ಮೊದಲು ಆಕೆ ಹದಿನಾಲ್ಕು ವರ್ಷ ರಸ್ತೆ ಗ್ಯಾಂಗಿನಲ್ಲಿದ್ದಳು. ಶಹಾಪುರದಾಚೆಯ ಬೆಟ್ಟಗಳಲ್ಲಿ ಖಡಿ, ಅಂದರೆ ಜಲ್ಲಿಕಲ್ಲು ಒಡೆದು, ಬುಟ್ಟಿಯಲ್ಲಿ ಹೊತ್ತು, ಹಾಸಿದವಳು. ನಾವು ಶನಿವಾರ ಕಾರು ಹತ್ತಿ, ಮೇಲೆ ಹೋಗಿ ಫೋಟೋ ಹೊಡೆದುಕೊಳ್ಳುವ ರಸ್ತೆಗಳೆಲ್ಲ ಇಂಥವರ ತಲೆಯ ಮೇಲಿಂದ ಇಳಿದವು. ಹಾಗೆ ಇಳಿಸಿದವರಲ್ಲಿ ಒಬ್ಬರಾದರೂ ಆ ರಸ್ತೆಯಲ್ಲಿ ಗಾಡಿಯೊಳಗೆ ಕೂತು ಹೋದದ್ದನ್ನು ನೀವು ಕಂಡಿದ್ದೀರಾ? ಹಾಲವ್ವ ಹೋದಳು, ಕಳೆದ ಡಿಸೆಂಬರಿನಲ್ಲಿ. ಅದೂ ಯಾರೂ ಕರೆದು ಕೂರಿಸಿದ್ದಲ್ಲ, ಸಾಂಬಾರಿನ ದೆಸೆಯಿಂದ.

ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಕಪ್ಪು-ಬಸಿ ತೊಳೆಯುವ ಲಹಾನು ಭೋಯೆಯ ಊರು ಮೊಖಾಡಾದ ಬೆಟ್ಟದ ಮೇಲಿದೆ. ಅವನ ಮಗಳ ಮದುವೆಗೆ ಚೆನ್ನಯ ಮಾತು ಕೊಟ್ಟುಬಿಟ್ಟರು: "ಮಧ್ಯಾಹ್ನದ ಊಟ ನಮ್ಮ ಹೋಟೆಲಿಂದು. ನೀನು ಒಲೆ ಹಚ್ಚಬೇಡ." ಲಹಾನು ಹಚ್ಚಲಿಲ್ಲ. ಎಂಟುನೂರು ಇಡ್ಲಿ, ಎರಡು ದೊಡ್ಡ ತೋಪು ಸಾಂಬಾರು, ಒಂದು ತೋಪು ಶಿರಾ ಹನ್ನೆರಡೂವರೆಯೊಳಗೆ ಬೆಟ್ಟದ ಮೇಲಿರಬೇಕು. ಇಲ್ಲದಿದ್ದರೆ ಗಂಡಿನ ಕಡೆಯವರು ಹಸಿದುಕೊಂಡು ಹಿಂದಿರುಗುತ್ತಾರೆ, ಲಹಾನು ಊರಿನಲ್ಲಿ ತಲೆಯೆತ್ತುವಂತಿಲ್ಲ.

ವ್ಯಾನ್ ಓಡಿಸುವವನು ಕಲಬುರಗಿಯ ಬಸವಂತರಾಯ. ಪಕ್ಕದಲ್ಲಿ ಚೆನ್ನಯ. ಹಿಂದೆ ಅವರ ಕಾಲೇಜು ಓದುವ ಮಗಳು ಯಕ್ಷಿತಾ, ಅವಳ ಕೈಯಲ್ಲಿ ಮೊಬೈಲಿನ ಮ್ಯಾಪ್. ಸಾಂಬಾರಿನ ತೋಪು ಅಲುಗದಂತೆ ಹಿಡಿದುಕೊಳ್ಳಲು ಹಾಲವ್ವ.

ಹೆದ್ದಾರಿ ಬಿಟ್ಟು ಬೆಟ್ಟ ಹತ್ತಿ ಒಂದು ಕವಲು ಬಂದಾಗ ಹನ್ನೊಂದು ಗಂಟೆ. ಎಡಕ್ಕೆ ಕರೀ ಡಾಂಬರು, ಬಲಕ್ಕೆ ಬರೀ ಖಡಿ. ಹಾಲವ್ವ ಕುತ್ತಿಗೆ ಉದ್ದ ಮಾಡಿದಳು.

"ಏ ಬಸವಂತರಾಯ, ಕರೀದಕ್ಕ ತಿರುಗಿಸಬ್ಯಾಡ. ಖಡಿ ರಸ್ತಾ ಹಿಡಿ."

"ಯಕ್ಕಾ, ಮ್ಯಾಪ್ ಏನ್ ಹೇಳ್ಲಿಕತ್ತದ ಕೇಳು. ಡಾಂಬರಿಂದು ಹನ್ನೊಂದು ಕಿಲೋಮೀಟರ್. ನಿನ್ ಖಡಿದು ಹತ್ತೊಂಬತ್ತು ಅದ."

"ಮ್ಯಾಪ್ ಖಡಿ ಹೊತ್ತೈತೇನ?"

"ಮೌಶಿ, ಟ್ವೆಂಟಿಫೈವ್ ಮಿನಿಟ್ಸ್ ದಿಖಾ ರಹಾ ಹೈ" ಎಂದಳು ಯಕ್ಷಿತಾ, ಮೊಬೈಲಿನಲ್ಲಿ ಡಾಂಬರಿನ ದಾರಿ ತೋರಿಸಿ.

"ಸುಮ್ಮನೆ ಕೂತ್ಕೊ ಮಾರಾಯ್ತಿ" ಎಂದರು ಚೆನ್ನಯ, ಹಾಲವ್ವನ ಕಡೆ ತಿರುಗಿ. "ಡಾಂಬರು ಬಿಟ್ಟು ಕಲ್ಲಿನ ಮೇಲೆ ಯಾರಾದ್ರೂ ಹೋಗ್ತಾರಾ?"

ಡಾಂಬರಿಗೇ ಹೋದರು. ಮೊದಲ ಫರ್ಲಾಂಗು ನುಣುಪಾಗಿತ್ತು. "ನೋಡಿದಿ ಯಕ್ಕಾ? ಬೆಣ್ಣಿ ಹಂಗ ಅದ!" ಎಂದು ಬಸವಂತರಾಯ ಬಾಯಿ ಮುಚ್ಚುವಷ್ಟರಲ್ಲಿ ಮುಂದಿನ ಗಾಲಿ ಹೊಂಡದಲ್ಲಿತ್ತು. ಬಟ್ಟೆ ಕಟ್ಟಿದ ಮುಚ್ಚಳದ ಸಂದಿಯಿಂದ ಸಾಂಬಾರು ಚಿಮ್ಮಿ ಯಕ್ಷಿತಾಳ ಹೊಸ ಚೂಡಿದಾರದ ಮೇಲೆ ಬಿತ್ತು. "ಪಪ್ಪಾ! ಮೇರಾ ಡ್ರೆಸ್!" ಕಣ್ಣು ಹಾಯಿಸಿದಷ್ಟು ದೂರವೂ ಹೊಂಡ, ಹೊಂಡಗಳ ನಡುವೆ ನೆನಪಿಗೆಂಬಂತೆ ಅಷ್ಟಷ್ಟು ಡಾಂಬರು.

"ಇದರ ಕೆಳಗ ಮೂರು ಥರ ಖಡಿ ಹಾಕಬೇಕಿತ್ರಿ ಶೇಟ್ರ" ಎಂದಳು ಹಾಲವ್ವ, ತೋಪನ್ನು ಅಪ್ಪಿಕೊಂಡೇ. "ಒಂದ ಹಾಕಿಸಿದ್ರು. ಹಾಕಿದಾಕಿ ನಾನ, ನನಗ ಗೊತ್ತಿಲ್ಲೇನು?"

ಗುತ್ತಿಗೆದಾರ ಯಾರೋ ಏನೋ. ಆದರೆ ಕಾಗದದಲ್ಲಿ ಮೂರು ಪದರ ಇದ್ದೇ ಇರುತ್ತದೆ, ಬರೆದಿಟ್ಟುಕೊಳ್ಳಿ. ನೋಡಿ ಸಹಿ ಹಾಕಿದವನಿರುತ್ತಾನೆ, ನೋಡದೆ ಸಹಿ ಹಾಕಿದವನೂ ಇರುತ್ತಾನೆ. ನೆಲದಡಿ ಏನಿದೆ ಎಂದು ನಿಜವಾಗಿ ಬಲ್ಲವಳು ಬುಟ್ಟಿ ಹೊತ್ತವಳೊಬ್ಬಳೇ. ಅವಳನ್ನು ಈ ದೇಶದಲ್ಲಿ ಯಾವ ಸಾಹೇಬನೂ ಕೇಳಿದ್ದಿಲ್ಲ. ಅವತ್ತು ಮಾತ್ರ ಒಬ್ಬ ಹೋಟೆಲ್ ಮಾಲೀಕ ಕೇಳಿದ. ಸಾಂಬಾರು ಚೆಲ್ಲಿದ ಮೇಲೆ, ಅಷ್ಟೇ.

"ಹಾಗಾದ್ರೆ ಆ ಖಡಿ ರಸ್ತೆ?"

"ಅದಕ್ಕ ಡಾಂಬರು ಬರಲೇ ಇಲ್ರಿ. ಆದರ ನಮ್ಮ ಮೇಸ್ತ್ರಿ ಈಶ್ವರ ಇದ್ದ, ಮಹಾ ಕಟಿಪಿಟಿ ಮನಶ್ಯಾ. ಗರಸು ಮಣ್ಣು ಸುರದು, ನೀರು ಹೊಡದು, ರೋಲರ್ ತಿರುಗಿಸಿದ ಮ್ಯಾಲೇ ಮುಂದಿನ ಥರ. ಮ್ಯಾಲೆ ಕರಕರ ಅಂತೈತಿ ಅಷ್ಟ, ತಳ ಕಬ್ಬಿಣ."

ಬಸವಂತರಾಯ ವ್ಯಾನನ್ನು ಹಿಂದಕ್ಕೆ ತೆಗೆದ. ಖಡಿಯ ಮೇಲೆ ಸೆಕೆಂಡ್ ಗೇರಿನಲ್ಲಿ ಹೊರಟರೆ ಗಾಲಿಯಡಿ ಸದ್ದೋ ಸದ್ದು, ಆದರೆ ತೋಪು ಮಿಸುಕಲಿಲ್ಲ. ಎರಡೂ ಬದಿ ಬೋಳು ಬೆಟ್ಟ, ಒಣಹುಲ್ಲು, ಒಂದು ಗೂಡಂಗಡಿಯೂ ಇಲ್ಲ. ಮೊಬೈಲಿನ ರೇಂಜೂ ಹೋಯಿತು.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಹಳ್ಳ ಅಡ್ಡ ಬಂತು. ರಸ್ತೆಯಡಿಯ ಮೋರಿಯ ಪೈಪು ಒಡೆದು ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಬಸವಂತರಾಯ ಬ್ರೇಕ್ ಒತ್ತಿದ. "ಮುಗೀತು. ಗಾಡಿ ಇದರಾಗ ಸಿಗಬಿದ್ರ ಎತ್ತಲಿಕ್ಕಿ ಯಾರದಾರ?" ಚೆನ್ನಯ ಗಡಿಯಾರ ನೋಡಿದರು. ಹಿಂದೆ ಹೋದರೆ ಊಟ ಮೂರು ಗಂಟೆಗೆ.

ಹಾಲವ್ವ ಇಳಿದು, ಸೀರೆ ಎತ್ತಿ ಕಟ್ಟಿ, ನೀರಿಗೆ ಕಾಲಿಟ್ಟಳು. ಪಾದದಿಂದ ತಡವುತ್ತಾ ಒಂದೊಂದೇ ಹೆಜ್ಜೆ. ನಡುವೆ ನಿಂತು ಹಿಮ್ಮಡಿಯಿಂದ ಎರಡು ಸಲ ಗುದ್ದಿದಳು.

"ಕೆಳಗ ದೊಡ್ಡ ಕಲ್ಲು ನಿಲ್ಲಿಸಿ ಜೋಡಿಸೀವಿ. ಇನ್ನೂ ಕುಂತಾವ. ನಾ ಕಾಲಿಟ್ಟಲ್ಲೇ ಬಾ."

"ಯಕ್ಕಾ, ನಿನಗ ಎರಡ ಕಾಲು! ನನಗ ನಾಕು ಗಾಲಿ!"

"ಅದಕ್ಕ ಅಗಲ ಹಾಕೀವಿ, ಬಾರೋ!"

ಬಂದ. ನೀರು ಅರ್ಧ ಗಾಲಿಗೆ ಬಂತು. ವ್ಯಾನ್ ಒಮ್ಮೆ ವಾಲಿತು, ಯಕ್ಷಿತಾ ಹೊಸ ಚೂಡಿದಾರ ಮರೆತು ತೋಪನ್ನು ತಬ್ಬಿಕೊಂಡಳು. ಕಲ್ಲು ಜಾರಲಿಲ್ಲ. ಆಚೆ ದಡ ಹತ್ತಿದ ಕೂಡಲೇ ಚೆನ್ನಯ ಇಳಿದು ಬಾಗಿಲು ತೆಗೆದು, "ಹಾಲವ್ವ, ನೀನು ಮುಂದೆ ಕೂತ್ಕೊ. ತೋಪು ನಾನು ಹಿಡೀತೇನೆ" ಎಂದರು.

ಹತ್ತೇ ನಿಮಿಷ ತಡವಾಗಿ, ಹನ್ನೆರಡು ನಲವತ್ತಕ್ಕೆ ಊರು. ಲಹಾನು ಡಾಂಬರು ರಸ್ತೆಯ ಕಡೆ ಮುಖ ಮಾಡಿ ಅಳುವಂತೆ ನಿಂತಿದ್ದ, ವ್ಯಾನ್ ಅವನ ಬೆನ್ನ ಹಿಂದಿನಿಂದ ಬಂದು ಹಾರ್ನ್ ಹೊಡೆಯಿತು. ಬೆಚ್ಚಿಬಿದ್ದವನು ತಿರುಗಿ ನೋಡಿ ಕುಣಿದೇಬಿಟ್ಟ. ಗಂಡಿನ ಕಡೆಯವರು ಸಾಂಬಾರನ್ನು ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿದರು. ಹಾಲವ್ವ ಸೌಟು ಹಿಡಿಯಲು ಹೋದರೆ ಚೆನ್ನಯ ಬಿಡಲಿಲ್ಲ. ಪಂಕ್ತಿಯಲ್ಲಿ ಕೂರಿಸಿ ತಾವೇ ಬಡಿಸಿದರು. "ಉಪ್ಪು ಕಡಿಮಿ ಆಗೈತ್ರಿ" ಎಂದಳು ಆಕೆ.

ಹೊರಡುವಾಗ ತೋಪುಗಳೆಲ್ಲ ಖಾಲಿ. ಡಾಂಬರಿಗೆ ಹೋದರೂ ಚೆಲ್ಲುವಂಥದ್ದೇನೂ ಇರಲಿಲ್ಲ. "ಯಾವ ಹಾದಿ ಯಕ್ಕಾ?" ಎಂದು ಬಸವಂತರಾಯ ಕೇಳಿದ.

"ಖಡಿ ರಸ್ತಾಕ್ಕ ಹೋಗೂಣೇನು? ಅಲ್ಲಿ ನಾಕು ತಿಂಗಳು ದುಡದೀವಿ ಖರೆ, ತಲಿ ಎತ್ತಿ ಗುಡ್ಡ ಹೆಂಗೈತಿ ಅಂತ ಒಂದಿನಾನೂ ನೋಡಿಲ್ಲ. ಕುಂತು ನೋಡತೀನಿ."

ಬಸವಂತರಾಯ ಖಡಿಗೇ ತಿರುಗಿಸಿದ. ಇಳಿಬಿಸಿಲು ಹುಲ್ಲಿನ ಮೇಲೆ ಬಿದ್ದು ಬೆಟ್ಟವೆಲ್ಲ ಹೊಂಬಣ್ಣವಾಗಿತ್ತು. "ಮೌಶಿ, ದೇಖೋ ದೇಖೋ!" ಎಂದು ಯಕ್ಷಿತಾ ಮುಂದಕ್ಕೆ ಬಗ್ಗಿದಳು.

ಹಾಲವ್ವ ಎರಡನೇ ತಿರುವಿನಲ್ಲೇ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದು. ಯಕ್ಷಿತಾ ಎಬ್ಬಿಸಲು ಕೈ ಚಾಚಿದಳು. ಚೆನ್ನಯ ಬೇಡವೆಂದು ತಲೆಯಾಡಿಸಿದರು. ಬಸವಂತರಾಯ ಗೇರ್ ಇಳಿಸಿ ವ್ಯಾನನ್ನು ಇನ್ನಷ್ಟು ನಿಧಾನ ಮಾಡಿದ.